ಅವಸರವಿಲ್ಲ

ಬೈರಕೂರು, ಮುಳಬಾಗಿಲು ತಾಲ್ಲೂಕು
೨೦ ಜೂನ್ ೨೦೨೪, ಗುರುವಾರ

ಸುಗಂಧಿ ಅಮ್ಮನವರಿಗೆ ಶೋಭಾರಾಣಿಯ ವಂದನೆಗಳು.

ನಿಮ್ಮ ವಿಳಾಸ ಕೊಟ್ಟವರು ನಮ್ಮ ಚಂದ್ರಮೋಹನ್ ಅಯ್ಯನವರು. ಅವರು ಕೋಲಾರದಿಂದ ತಿಂಗಳಿಗೊಂದು ಭಾನುವಾರ ಬಂದು ಆರಾಧನೆ ನಡೆಸಿ, ಊಟ ಮಾಡಿ ಹೋಗುವ ಪಾದ್ರಿ. ಸಭೆಗಳಲ್ಲಿ ಸೇವೆ ಮಾಡುವ ಹೆಂಗಸರನ್ನು ಇಬ್ಬಿಬ್ಬರಾಗಿ ಜೊತೆ ಮಾಡಿದ್ದಾರಂತೆ, ಒಬ್ಬರು ಹಿರಿಯರು, ಒಬ್ಬರು ಕಿರಿಯರು. ಕೈಯಲ್ಲೇ ಬರೆಯಬೇಕಂತೆ, ಅಂಚೆಯಲ್ಲೇ ಕಳಿಸಬೇಕಂತೆ. ನನ್ನ ಪಾಲಿಗೆ ನೀವು ಬಂದಿದ್ದೀರಿ. ನೀವು ಸಮುದ್ರದ ಪಕ್ಕ ಇರುವ ನಿವೃತ್ತ ಪಾದ್ರಿ ಎಂಬುದು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ.

ನನ್ನ ವಿಷಯ ಹೇಳುತ್ತೇನೆ. ನನಗೆ ಇಪ್ಪತ್ತೆರಡು ವರ್ಷ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಬಡತನ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ಯಾರೂ ಬಿಡಿಸಲಿಲ್ಲ, ನನಗೇ ಬೆಂಚಿನ ಮೇಲೆ ಕೂರಲು ಆಗಲಿಲ್ಲ. ಆಮೇಲೆ ಮಾಲೂರಿನ ಕಾರ್ಖಾನೆಯಲ್ಲಿ ಎಂಟು ತಿಂಗಳು, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಎರಡು ಸೀಸನ್ನು, ಈಗ ಕೋಲಾರದ ಟೊಮೆಟೊ ಮಂಡಿ. ಹಣ್ಣು ಆರಿಸಿ ಕ್ರೇಟಿಗೆ ತುಂಬುವ ಕೆಲಸ. ಎಲ್ಲೂ ಕಾಲು ನಿಂತಿಲ್ಲ. ನಿಂತಿರುವುದು ಒಂದೇ ಕಡೆ, ಗುರುವಾರದ ಹೆಂಗಸರ ಪ್ರಾರ್ಥನೆಯಲ್ಲಿ. ಅದನ್ನು ಮೂರು ವರ್ಷದಿಂದ ನಾನೇ ನಡೆಸುತ್ತಿದ್ದೇನೆ.

ಪಾದ್ರಿ ಬಾರದ ಭಾನುವಾರಗಳಲ್ಲಿ ನಮ್ಮ ಸಂಘದ ಪೆದ್ದ ಚನ್ನರಾಯಪ್ಪನವರು ಬೈಬಲ್ ಮೇಲೆ ಬರೆದಿಟ್ಟ ಪ್ರಸಂಗ ಓದುತ್ತಾರೆ. ಹನ್ನೊಂದು ವರ್ಷದಿಂದ ಅವೇ ನಾಲ್ಕು ಪ್ರಸಂಗ. ನಮ್ಮ ಸಭೆಗೆ ಊರಲ್ಲೇ ಇದ್ದು ಬೋಧಿಸುವ ಒಬ್ಬ ಉಪದೇಶಿ ಬಹಳ ಅವಸರ. ಆ ಜಾಗಕ್ಕೆ ನನ್ನನ್ನು ನೇಮಿಸಬೇಕೆಂದು ನಮ್ಮ ಹೆಂಗಸರೆಲ್ಲ ಹೆಬ್ಬೆಟ್ಟು, ಸಹಿ ಹಾಕಿ ಕೊಟ್ಟಿದ್ದಾರೆ. ನನಗೂ ಅದೇ ಆಸೆ. ಇಷ್ಟು ಆಸೆ ಇನ್ನಾವುದಕ್ಕೂ ಪಟ್ಟಿಲ್ಲ. ನವೆಂಬರಿನಲ್ಲಿ ಸಭಾ ಸಮಿತಿ ತೀರ್ಮಾನಿಸುತ್ತದೆ. ಒಪ್ಪಿದರೆ ಜನವರಿಯಲ್ಲಿ ತರಬೇತಿಗೆ ಕಳಿಸುತ್ತಾರೆ.

ಅಯ್ಯನವರು, "ನಿನಗೆ ಆ ಅಮ್ಮನವರ ಅವಸರ ತುಂಬ ಇದೆ ಕಣಮ್ಮಾ" ಅಂದರು. ನನಗೆ ಹಾಗನ್ನಿಸುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಒಂದು ಪ್ರಶ್ನೆ: ನಾನು ಬರೆದಿದ್ದನ್ನು ನೀವು ಸಮಿತಿಗೆ ವರದಿ ಮಾಡುತ್ತೀರಾ? ಇದಕ್ಕೆ ಮೊದಲು ಉತ್ತರ ಕೊಡಿ.

ಶೋಭಾರಾಣಿ


ಹೆಜಮಾಡಿ
೭ ಜುಲೈ ೨೦೨೪, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರಿಯ ಶೋಭಾರಾಣಿ,

ನಿನ್ನ ಪತ್ರ ಸಿಕ್ಕಿತು. ಅಕ್ಷರ ಚಂದ ಉಂಟು. ವಾಕ್ಯಗಳೂ ನೆಟ್ಟಗಿವೆ. ಅದಕ್ಕೇ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ: ಈ ಪತ್ರ ಬರೆದುಕೊಟ್ಟವರು ಯಾರು? ಬೇರೆಯವರಿಂದ ಬರೆಸಿದ್ದರೆ ತಪ್ಪಿಲ್ಲ. ಆದರೆ ನಾನು ಮಾತಾಡುತ್ತಿರುವುದು ಯಾರ ಹತ್ತಿರ ಎಂದು ನನಗೆ ಗೊತ್ತಿರಬೇಕು.

ಇನ್ನೊಂದು ವಿಷಯ. ಸಭೆಯ ಹಿರಿಯರೊಬ್ಬರನ್ನು "ಪೆದ್ದ" ಎಂದು ಬರೆದಿದ್ದೀಯಲ್ಲ! ಅವರು ದಡ್ಡರೇ ಇರಬಹುದು, ನನಗೆ ಗೊತ್ತಿಲ್ಲ. ಗುರುತಿಲ್ಲದವಳಿಗೆ ಬರೆಯುವ ಮೊದಲ ಪತ್ರದಲ್ಲೇ ಹಾಗೆ ಬರೆಯುವವಳು ನಾಳೆ ಪ್ರಸಂಗಪೀಠದ ಮೇಲೆ ನಿಂತು ಏನೆಲ್ಲ ಹೇಳಿಯಾಳು ಎಂದು ಭಯವಾಯಿತು.

ಮತ್ತೆ ನಿನ್ನ ಪತ್ರದ ತುಂಬ ಅವಸರ, ಅವಸರ. ಸಭೆಗೆ ಅವಸರ, ನಿನಗೆ ಅವಸರ. ಇಷ್ಟು ಅವಸರ ಯಾಕೆ ಮಾರಾಯ್ತಿ? ನಾನು ಮೊದಲ ಸಲ ಪ್ರಸಂಗಪೀಠ ಹತ್ತುವಾಗ ನನಗೆ ಮೂವತ್ತನಾಲ್ಕು. ಅಲ್ಲಿಯವರೆಗೆ ಹನ್ನೆರಡು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳ ಮೂಗು ಒರೆಸಿದೆ. ನಿಧಾನಕ್ಕೆ ಆಗಲಿ.

ಪ್ರಾರ್ಥನೆಯೊಂದಿಗೆ,
ಸುಗಂಧಿ ಕುಂದರ್


ಬೈರಕೂರು
೧೫ ಜುಲೈ ೨೦೨೪, ಸೋಮವಾರ

ಅಮ್ಮನವರೇ,

ಪತ್ರ ಬರೆದವಳು ನಾನೇ. ನನ್ನ ಹತ್ತನೇ ವರ್ಷದಿಂದ ನಮ್ಮ ಅಜ್ಜಿ ಕದಿರಮ್ಮನಿಗೆ ದಿನಾ ಒಂದು ಅಧ್ಯಾಯ ಬೈಬಲ್ ಓದಿ ಹೇಳಿದ್ದೇನೆ. ಅವಳಿಗೆ ಓದು ಬರುತ್ತಿರಲಿಲ್ಲ. ಪುಸ್ತಕ ಕನ್ನಡದ್ದು, ಮನೆಯ ಮಾತು ತೆಲುಗು. ಓದುವುದು ಕನ್ನಡದಲ್ಲಿ, ಅರ್ಥ ಹೇಳುವುದು ತೆಲುಗಿನಲ್ಲಿ. ಹಾಗೆ ಎರಡು ಸಲ ಪೂರ್ತಿ ಮುಗಿಸಿದೆವು. ಅಲ್ಲಿ ಕಲಿತ ವಾಕ್ಯಗಳು ಇವು. ಶಾಲೆ ಬಿಟ್ಟವಳಿಗೆ ಬರೆಯಲು ಬರುವುದಿಲ್ಲ ಅಂತ ನಿಮಗೆ ಯಾರು ಹೇಳಿದರು?

ಪೆದ್ದ ಅಂದರೆ ನಮ್ಮಲ್ಲಿ ದೊಡ್ಡವರು. ತೆಲುಗು ಮಾತು. ಸಂಘದ ಪೆದ್ದ ಅಂದರೆ ಸಭೆಯ ಹಿರಿಯ. ಚನ್ನರಾಯಪ್ಪನವರನ್ನು ಊರೆಲ್ಲ ಪೆದ್ದಾಯನ ಅಂತಲೇ ಕರೆಯುವುದು. ಅಮ್ಮನ ಅಕ್ಕ ಪೆದ್ದಮ್ಮ. ನೀವು ನಮ್ಮ ಊರಿಗೆ ಬಂದರೆ ನಿಮ್ಮನ್ನೂ ಪೆದ್ದಮ್ಮ ಅಂತಾರೆ, ಜಗಳಕ್ಕೆ ನಿಲ್ಲಬೇಡಿ. ನಿಮ್ಮ ಪತ್ರದ ಆ ಸಾಲನ್ನು ಗುರುವಾರ ಹೆಂಗಸರಿಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ಸುನಂದಕ್ಕ, "ಆಯಮ್ಮನಿಗೆ ಅಲ್ಲಿಂದಲೇ ನಮ್ ಪೆದ್ದಾಯನ ಕಂಡ್ಬಿಟ್ಟವ್ನೆ ನೋಡ್ರೇ" ಅಂದಳು. ಚನ್ನರಾಯಪ್ಪನವರ ವಿಷಯದಲ್ಲಿ ನಿಮ್ಮ ಅರ್ಥವೂ ಪೂರ್ತಿ ತಪ್ಪಲ್ಲ ಎಂದು ನಾನೂ ಒಪ್ಪುತ್ತೇನೆ.

ಆದರೆ ಒಂದು ಗಮನಿಸಿದೆ. ವರದಿಯ ವಿಷಯ ಕೇಳಿದ್ದೆ. ನನ್ನ ಪತ್ರದಲ್ಲಿದ್ದ ಎಲ್ಲಕ್ಕೂ ಉತ್ತರ ಬಂತು, ಅದೊಂದಕ್ಕೆ ಬರಲಿಲ್ಲ.

ಅಯ್ಯನವರಿಂದ ನಿಮ್ಮ ಫೋನ್ ನಂಬರ್ ತೆಗೆದುಕೊಂಡು ನಿನ್ನೆ ಎರಡು ಸಲ ಮಾಡಿದೆ. ಎತ್ತಿದಿರಿ. ನಾನು "ಅಮ್ಮಾ, ಬೈರಕೂರಿಂದ ಶೋಭಾರಾಣಿ" ಅಂದೆ. ನೀವು ಎರಡು ಸಲ ಹಲೋ ಅಂದು ಇಟ್ಟುಬಿಟ್ಟಿರಿ. ಎರಡನೆಯ ಸಲ ನಾನು ಜೋರಾಗಿಯೇ ಹೇಳಿದೆ. ಪಕ್ಕದ ಮಂಡಿಯವರೂ ತಿರುಗಿ ನೋಡಿದರು. ನನ್ನ ಹೆಸರು ಕೇಳಿದ ಮೇಲೂ ಫೋನ್ ಇಡುವವರು ನನಗೆ ದಾರಿ ತೋರಿಸುವುದು ಹೇಗೆ?

ಶೋಭಾರಾಣಿ


ಹೆಜಮಾಡಿ
೪ ಆಗಸ್ಟ್ ೨೦೨೪, ಭಾನುವಾರ, ಬೆಳಿಗ್ಗೆ ಒಂಬತ್ತೂ ಮುಕ್ಕಾಲು

ಪ್ರಿಯ ಶೋಭಾರಾಣಿ,

ಪೆದ್ದನ ವಿಷಯದಲ್ಲಿ ಕ್ಷಮಿಸು. ನಮ್ಮ ಮನೆಯ ಮಾತು ತುಳು. ನನಗೂ ಕನ್ನಡ ಶಾಲೆಯಲ್ಲಿ, ಇಗರ್ಜಿಯಲ್ಲಿ ಕಲಿತದ್ದೇ. ನಾವಿಬ್ಬರೂ ಹೊರಗಿನ ಚಪ್ಪಲಿ ಹಾಕಿಕೊಂಡು ಮಾತಾಡುತ್ತಿದ್ದೇವೆ, ಎಡವಿದರೆ ಆಶ್ಚರ್ಯವಿಲ್ಲ. ಈಗ ಒಂದು ಸರಿಹೋಯಿತಲ್ಲ, ಸಾಕು.

ಫೋನಿನಲ್ಲಿ ಮಾತಾಡುವ ಅಭ್ಯಾಸ ನನಗಿಲ್ಲ. ದಯವಿಟ್ಟು ಮಾಡಬೇಡ. ಬರೆ.

ನಿನಗೆ ಉಪಯೋಗಕ್ಕೆ ಬರುವ ಎರಡು ಮಾತು ಹೇಳುತ್ತೇನೆ. ನಾನು ಮೊದಲ ಸಲ ಪ್ರಸಂಗ ಮಾಡಿದ ದಿನ ಗಂಡಸರು ಎದ್ದು ಅಂಗಳಕ್ಕೆ ಹೋದರು. ಬೀಡಿಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ನನ್ನ ಗಂಡ ಒಬ್ಬರೇ ಕೊನೆಯ ಬೆಂಚಿನಲ್ಲಿ ಕೂತಿದ್ದರು. ನಾನು ಆ ಬೆಂಚನ್ನೇ ನೋಡುತ್ತ ಮಾತಾಡಿದೆ. ಅವತ್ತಿನಿಂದ ಇವತ್ತಿನವರೆಗೂ ನನ್ನ ಕ್ರಮ ಅದು. ಮುಂದಿನ ಸಾಲಿನವರಿಗೆ ಹೇಗೂ ಕೇಳಿಸುತ್ತದೆ, ನೀನು ಕೊನೆಯ ಬೆಂಚಿನವರಿಗೆ ಮಾತಾಡು. ಧ್ವನಿ ತಾನಾಗಿ ಏರುತ್ತದೆ, ಕಿರುಚಬೇಕಿಲ್ಲ.

ಎರಡನೆಯದು: ಓದಬೇಕಾದ ವಾಕ್ಯವನ್ನು ಮೊದಲು ಬಾಯಿ ಮುಚ್ಚಿ ಎರಡು ಸಲ ಓದಿಕೊ. ನಿನಗೆ ಕೋಪ ಬರಿಸುವ ವಾಕ್ಯವಾದರೆ ನಾಲ್ಕು ಸಲ.

ಉಪದೇಶಿಯಾಗುವ ಆಸೆ ಒಳ್ಳೆಯದೇ. ಅವಸರ ಮಾತ್ರ ಬೇಡ.

ನಿಮ್ಮಲ್ಲಿ ಪ್ರಾರ್ಥನೆ ಹೇಗೆ ನಡೆಯುತ್ತದೆ, ಹಾಡು ಯಾವ ಭಾಷೆಯದು, ಬರೆ. ಕೇಳುವ ಆಸೆ.

ಸುಗಂಧಿ


ಬೈರಕೂರು
೨೨ ಆಗಸ್ಟ್ ೨೦೨೪, ಗುರುವಾರ

ಅಮ್ಮನವರೇ,

ನೀವು ಹೇಳಿದ್ದನ್ನು ಮಾಡಿ ನೋಡಿದೆ. ನಮ್ಮಲ್ಲಿ ಬೆಂಚು ಇಲ್ಲ, ಎಲ್ಲರೂ ಚಾಪೆಯ ಮೇಲೆ. ಕೊನೆಯ ಚಾಪೆಯಲ್ಲಿ ಬಾಗಿಲ ಹತ್ತಿರ ದೊಡ್ಡಗಂಗಮ್ಮ ಕೂರುತ್ತಾಳೆ. ಎಮ್ಮೆ ಕಡೆ ಒಂದು ಕಣ್ಣು ಇರಬೇಕಲ್ಲ, ಅದಕ್ಕೆ. ಅವಳನ್ನೇ ನೋಡುತ್ತ ಮಾತಾಡಿದೆ. ಅರ್ಧದಲ್ಲಿ ಅವಳು, "ಯಾಕ್ಲೇ ನನ್ನೇ ನೋಡ್ತೀಯ? ನಾನೇನ್ಲೇ ಮಾಡ್ದೆ?" ಅಂದಳು. ಎಲ್ಲರೂ ನಕ್ಕರು. ಆದರೆ ಮೊದಲ ಬಾರಿಗೆ ಅವಳು ಕೊನೆಯವರೆಗೆ ಎಮ್ಮೆ ಕಡೆ ತಿರುಗಲಿಲ್ಲ. ಇದು ನಿಮ್ಮಿಂದ ಆದದ್ದು. ಒಪ್ಪಿಕೊಳ್ಳುತ್ತೇನೆ.

ನಮ್ಮ ಹಾಡು ಅರ್ಧ ತೆಲುಗು, ಅರ್ಧ ಕನ್ನಡ. ಡೋಲಕ್ ಬಾರಿಸುವವಳು ಅಂಜಿ. ಅವಳ ಪಕ್ಕ ಆವಲಮ್ಮ ಅಂತ ಒಬ್ಬ ಅಜ್ಜಿ ಕೂರುತ್ತಾಳೆ. ಅವಳಿಗೆ ಎರಡೂ ಕಿವಿ ಕೇಳಿಸುವುದಿಲ್ಲ. ಡೋಲಕ್ಕಿನ ಮರದ ಮೇಲೆ ಅಂಗೈ ಇಟ್ಟುಕೊಂಡು ಹಾಡುತ್ತಾಳೆ. ತಾಳ ಕೈಗೆ ತಿಳಿಯುತ್ತದಂತೆ. ರಾಗ ಅವಳದೇ ಬೇರೆ. ಯಾರೂ ಏನೂ ಅನ್ನುವುದಿಲ್ಲ.

ಈಗ ನನ್ನ ಪ್ರಶ್ನೆ. ನಿಮ್ಮ ಎರಡೂ ಪತ್ರ ಮುಂದಿಟ್ಟುಕೊಂಡಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ಹತ್ತು, ಇನ್ನೊಂದು ಭಾನುವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ಅದು ಆರಾಧನೆಯ ಹೊತ್ತಲ್ಲವೇ? ಅಷ್ಟು ವರ್ಷ ಪಾದ್ರಿಯಾಗಿದ್ದವರು ಆ ಹೊತ್ತಿನಲ್ಲಿ ಮನೆಯಲ್ಲಿ ಕೂತು ನನಗೆ ಪತ್ರ ಬರೆಯುತ್ತೀರಾ? ನನಗೆ ಕೊನೆಯ ಬೆಂಚಿನ ಪಾಠ ಹೇಳುತ್ತೀರಿ. ನೀವು ಯಾವ ಬೆಂಚಿನಲ್ಲಿದ್ದೀರಿ?

ಮೊನ್ನೆ ಚನ್ನರಾಯಪ್ಪನವರು ಹಾಲಿನ ಡೇರಿ ಹತ್ತಿರ ನಿಲ್ಲಿಸಿ, "ಏನಮ್ಮಾ ಶೋಭಾ, ಸಮುದ್ರದ ಅಮ್ಮೋರು ಏನ್ ಬರ್ದವ್ರೆ?" ಅಂತ ಕೇಳಿದರು.

"ಚೆನ್ನಾಗ್ ಬರ್ದವ್ರೆ ಪೆದ್ದಾಯನಾ."

"ಬರೀಲಿ, ಬರೀಲಿ. ನಮಗೂ ಬರೀತಾರೆ. ಸಮಿತಿಯಿಂದ ಅವ್ರಿಗೆ ಕಾಗದ ಹೋಗೈತೆ. ನಿನ್ ಬಗ್ಗೆ ಅಭಿಪ್ರಾಯ ಕೇಳಿದೀವಿ."

ಇದು ನಿಜವೇ? ನಿಜವಾದರೆ, ಜೂನಿನಲ್ಲಿ ನಾನು ಕೇಳಿದ್ದಕ್ಕೆ ನೀವು ಉತ್ತರ ಕೊಡದೆ ಇದ್ದದ್ದು ಯಾಕೆ ಎಂದು ನನಗೆ ಈಗ ತಿಳಿಯಿತು.

ಶೋಭಾರಾಣಿ


ಹೆಜಮಾಡಿ
೨೯ ಸೆಪ್ಟೆಂಬರ್ ೨೦೨೪, ಭಾನುವಾರ

ಶೋಭಾರಾಣಿ,

ನನ್ನ ಭಾನುವಾರಗಳ ಲೆಕ್ಕ ಇಡುವ ಕೆಲಸ ನಿನಗೆ ಯಾರೂ ಕೊಟ್ಟಿಲ್ಲ.

ಸಮಿತಿಯಿಂದ ಕಾಗದ ಬಂದದ್ದು ನಿಜ. ಬಂದದ್ದು ಆಗಸ್ಟಿನಲ್ಲಿ. ಜೂನಿನಲ್ಲಿ ಅದರ ಸುದ್ದಿ ನನಗಿರಲಿಲ್ಲ. ಉತ್ತರ ಬರೆದು ಮುಗಿಸಿದ್ದೇನೆ. ಏನು ಬರೆದೆ ಎಂದು ನಿನಗೆ ಹೇಳುವುದು ಸರಿಯಲ್ಲ. ಅದು ಅವರು ಕೇಳಿದ್ದು, ನಾನು ಹೇಳಿದ್ದು. ಹೆದರಬೇಡ.

ಸುಗಂಧಿ ಕುಂದರ್


ಬೈರಕೂರು
೨೮ ಅಕ್ಟೋಬರ್ ೨೦೨೪, ಸೋಮವಾರ

ಸುಗಂಧಿ ಕುಂದರ್ ಅವರಿಗೆ,

ಹೆದರಬೇಡ ಅಂದಿರಿ. ನಾನು ಹೆದರಿರಲಿಲ್ಲ. ನಂಬಿದ್ದೆ. ಅದು ನನ್ನ ತಪ್ಪು.

ನಿನ್ನೆ ಆರಾಧನೆ ಮುಗಿದ ಮೇಲೆ ಚನ್ನರಾಯಪ್ಪನವರು ಯಾರೂ ಏಳಬೇಡಿ ಅಂದರು. ಅಂಗಿಯ ಜೇಬಿನಿಂದ ನಿಮ್ಮ ಕಾಗದ ತೆಗೆದರು. ನಿಮ್ಮ ಅಕ್ಷರ ನನಗೆ ದೂರದಿಂದಲೇ ಗುರುತಾಯಿತು. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು: "ಶೋಭಾರಾಣಿಗೆ ತರಬೇತಿಯ ಅವಸರವಿಲ್ಲ." ಕಾಗದ ಮಡಿಸಿದರು. ಹಿಂದಿನವರಿಗೂ ತಿಳಿಯಲಿ ಅಂತ ತೆಲುಗಿನಲ್ಲಿ ಇನ್ನೊಂದು ಸಲ: "ಅವಸರಂ ಲೇದಂಟ." ಬೇಕಾಗಿಲ್ಲವಂತೆ. ಆಮೇಲೆ ನನ್ನ ಕಡೆ ತಿರುಗಿ, "ನಾವ್ ಹೇಳಿದ್ರೆ ಗಂಡಸ್ರ ಹೊಟ್ಟೆಕಿಚ್ಚು ಅಂತೀರ. ಈಗ ನಿಮ್ ಹೆಣ್ ಪಾದ್ರಿನೇ ಬರ್ದವ್ರಲ್ಲಮ್ಮ" ಅಂದರು.

ಹೆಬ್ಬೆಟ್ಟು ಹಾಕಿದವರೆಲ್ಲ ಚಾಪೆ ನೋಡುತ್ತಿದ್ದರು. ದೊಡ್ಡಗಂಗಮ್ಮ ಎದ್ದು ಎಮ್ಮೆ ಹತ್ತಿರ ಹೋದಳು. ನನ್ನ ಬದಲು ಚನ್ನರಾಯಪ್ಪನವರ ಸೊಸೆ ಶ್ಯಾಮಲಾಳ ಹೆಸರು ಕಳಿಸುತ್ತಾರಂತೆ. ಬಿ.ಎ. ಓದಿದ್ದಾಳೆ. ಅವಳಿಗೆ ಇದು ಬೇಕೇ ಅಂತ ಯಾರೂ ಅವಳನ್ನು ಕೇಳಲಿಲ್ಲ.

ಮುಖದ ಮೇಲೆ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ, ಮುಗಿದುಹೋಗುತ್ತಿತ್ತು. ನನಗೆ ಒಂದು ಬಗೆ ಬರೆದು, ಅವರಿಗೆ ಇನ್ನೊಂದು ಬಗೆ ಬರೆದಿರಿ. ನಿಮ್ಮ ಮೂರು ಪತ್ರವನ್ನೂ ಮತ್ತೆ ಓದಿದೆ. ಎಲ್ಲದರಲ್ಲೂ ನನ್ನನ್ನು ಹಿಂದಕ್ಕೆ ಎಳೆದಿದ್ದೀರಿ. ನಿಧಾನಕ್ಕೆ, ನಿಧಾನಕ್ಕೆ. ನಾನು ಮೂವತ್ತನಾಲ್ಕು ವರ್ಷಕ್ಕೆ ಪೀಠ ಹತ್ತಿದೆ, ನೀನೂ ಕಾಯಿ ಅಂತ. ಗಂಡಸರು ನಿಮ್ಮನ್ನು ಕಾಯಿಸಿದರು, ಈಗ ನೀವು ನನ್ನನ್ನು ಕಾಯಿಸುತ್ತಿದ್ದೀರಿ. ಫೋನ್ ಇಟ್ಟಿದ್ದು ಯಾಕೆ, ಭಾನುವಾರ ಎಲ್ಲಿರುತ್ತೀರಿ, ಯಾವುದಕ್ಕೂ ನಿಮ್ಮ ಹತ್ತಿರ ಉತ್ತರವಿಲ್ಲ.

ಇದು ನನ್ನ ಕೊನೆಯ ಪತ್ರ. ನೀವು ಉತ್ತರ ಬರೆಯುವುದೂ ಬೇಡ.

ಶೋಭಾರಾಣಿ


ಹೆಜಮಾಡಿ
೧೦ ನವೆಂಬರ್ ೨೦೨೪, ಭಾನುವಾರ, ಬೆಳಿಗ್ಗೆ ಹತ್ತೂವರೆ

ಶೋಭಾರಾಣಿ,

ಬೇಡವೆಂದರೂ ಬರೆಯುತ್ತಿದ್ದೇನೆ. ಓದದೆ ಹರಿಯಬೇಡ. ನನ್ನ ಸಲಹೆ ನೆನಪಿದ್ದರೆ ನಾಲ್ಕು ಸಲ ಓದು.

ನಿನ್ನ ಪತ್ರ ನನಗೆ ತಲೆಬುಡ ತಿಳಿಯಲಿಲ್ಲ. ನಾನು ಬರೆದದ್ದು ನಿನ್ನ ಪರವಾಗಿ. ಸಮಿತಿಗೆ ಕಳಿಸಿದ ಕಾಗದದ ನೆರಳಚ್ಚು ಇದರ ಜೊತೆ ಇಟ್ಟಿದ್ದೇನೆ. ಪೂರ್ತಿ ಮಾತು ಇದು:

"ಶೋಭಾರಾಣಿಗೆ ತರಬೇತಿಯ ಅವಸರವಿಲ್ಲ. ಆ ಕೆಲಸವನ್ನು ಆಕೆ ಮೂರು ವರ್ಷಗಳಿಂದ ಮಾಡುತ್ತಲೇ ಇದ್ದಾಳೆ. ಮೊದಲು ಆಕೆಯನ್ನು ಉಪದೇಶಿಯಾಗಿ ನೇಮಿಸಿರಿ. ತರಬೇತಿ ಬರುವ ವರ್ಷವಾದರೂ ಆಗಬಹುದು."

ಇದರಲ್ಲಿ ನಿನ್ನನ್ನು ಬೇಡವೆಂದದ್ದು ಎಲ್ಲಿ? ತರಬೇತಿ ಮುಗಿಯಲಿ, ಆಮೇಲೆ ನೋಡೋಣ ಎಂದು ನನ್ನನ್ನು ಹನ್ನೆರಡು ವರ್ಷ ನಿಲ್ಲಿಸಿದ್ದರು. ನಿನ್ನನ್ನು ಹಾಗೆ ನಿಲ್ಲಿಸಬಾರದೆಂದು ಆ ಮಾತನ್ನೇ ಮೊದಲು ಹಾಕಿದೆ. ಅವಸರ ಎಂಬುದು ನಿನ್ನದೇ ಮಾತು. ಮೊದಲ ಪತ್ರದಲ್ಲಿ "ಬಹಳ ಅವಸರ" ಎಂದು ಬರೆದವಳು ನೀನು. ಹುಡುಗಿಗೆ ಆತುರ ಜಾಸ್ತಿ ಎಂದುಕೊಂಡು ಪ್ರತಿ ಪತ್ರದಲ್ಲೂ ಸಮಾಧಾನ ಹೇಳಿದೆ. ಅದು ನಿನ್ನನ್ನು ಹಿಂದಕ್ಕೆ ಎಳೆದಂತೆ ಕಂಡಿತೇ?

ಇನ್ನು ನೀನು ಕೇಳಿದ ಎರಡು ಪ್ರಶ್ನೆ. ಇದು ಕೊನೆಯ ಪತ್ರವಾದರೆ ಮುಚ್ಚಿಡುವುದರಿಂದ ನನಗೆ ಲಾಭವಿಲ್ಲ.

ನನಗೆ ಕಿವಿ ಕೇಳಿಸುವುದಿಲ್ಲ. ಎರಡು ವರ್ಷದಿಂದ ಕಡಿಮೆಯಾಗುತ್ತ ಬಂತು. ಎದುರಿಗಿದ್ದರೆ ತುಟಿ ನೋಡಿ ತಿಳಿಯುತ್ತೇನೆ. ಫೋನಿನಲ್ಲಿ ತುಟಿ ಇಲ್ಲ. ಅವತ್ತು ನೀನು ಎಂದು ನನಗೆ ಗೊತ್ತೇ ಆಗಲಿಲ್ಲ. ಯಂತ್ರ ಹಾಕಿಸಿಕೊಂಡೆ, ತಲೆಯೊಳಗೆ ಪಾತ್ರೆ ಬಿದ್ದ ಹಾಗೆ ಸದ್ದು. ತೆಗೆದಿಟ್ಟೆ.

ಈ ವರ್ಷ ಮಾರ್ಚಿನಲ್ಲಿ, ಗರಿಗಳ ಭಾನುವಾರದ ಆರಾಧನೆಯಲ್ಲಿ ನಮ್ಮ ಹೊಸ ಪಾದ್ರಿ ಆಶೀರ್ವಾದ ಹೇಳಲು ನನ್ನನ್ನು ಕರೆದರು. ಚಿಕ್ಕ ಪ್ರಾಯದ ಹುಡುಗ, ಗೌರವದಿಂದಲೇ ಕರೆದದ್ದು. ಹಾಡು ಮುಗಿಯಿತೆಂದುಕೊಂಡು ನಾನು ಎರಡೂ ಕೈ ಎತ್ತಿ ಆಶೀರ್ವಾದ ಶುರು ಮಾಡಿದೆ. ಮುಗಿದಿರಲಿಲ್ಲ. ಇಡೀ ಸಭೆ ಎರಡನೆಯ ಚರಣ ಹಾಡುತ್ತಿತ್ತು. ಮಕ್ಕಳು ನಗುವುದು ಕಾಣಿಸಿತು. ಕೇಳಿಸಲಿಲ್ಲ, ಕಾಣಿಸಿತು. ಮತ್ತೆ ಹೋಗಲಿಲ್ಲ. ಮಂಡಿನೋವು ಎಂದು ಎಲ್ಲರಿಗೂ ಹೇಳಿದ್ದೇನೆ. ಭಾನುವಾರ ಆ ಹೊತ್ತಿಗೆ ಸುಮ್ಮನೆ ಕೂರಲು ಆಗುವುದಿಲ್ಲ, ಅದಕ್ಕೆ ನಿನಗೆ ಬರೆಯುತ್ತೇನೆ.

ನೀನು ಕಂಡುಹಿಡಿದೆ ಎಂದು ಕೋಪ ಬಂತು. ಸೆಪ್ಟೆಂಬರಿನ ಪತ್ರ ಆ ಕೋಪದ್ದು.

ಸುಗಂಧಿ


ಬೈರಕೂರು
೨೧ ನವೆಂಬರ್ ೨೦೨೪, ಗುರುವಾರ

ಅಮ್ಮಾ,

ನಾಲ್ಕು ಸಲ ಓದಿದೆ. ಮೂರನೆಯ ಸಲಕ್ಕೆ ತಿಳಿಯಿತು. ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ತೆಲುಗಿನಲ್ಲಿ ಅವಸರ ಅಂದರೆ ಆತುರವಲ್ಲ. ಬೇಕು, ಅಗತ್ಯ ಅಂತ. ನಾನು ಮೊದಲ ಪತ್ರದಲ್ಲಿ ಬರೆದದ್ದು ಆ ಅರ್ಥದಲ್ಲಿ. ನಮ್ಮ ಸಭೆಗೆ ಉಪದೇಶಿ ಬೇಕು, ನನಗೆ ನೀವು ಬೇಕು ಅಂತ. ನೀವು ಕನ್ನಡದಲ್ಲಿ ಓದಿದಿರಿ. ನಿಮ್ಮ "ಅವಸರವಿಲ್ಲ" ಎಂಬುದನ್ನು ನಾವು ತೆಲುಗಿನಲ್ಲಿ ಓದಿದೆವು. ಪೆದ್ದ ಸರಿಹೋದ ಕೂಡಲೇ ಇನ್ನೆಲ್ಲವೂ ಸರಿ ಇದೆ ಅಂದುಕೊಂಡೆವು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಾನು ನಿಜ ಹೇಳಬೇಕು. ನನಗೆ ಎರಡೂ ಅರ್ಥ ಗೊತ್ತು. ಮಂಡಿಯಲ್ಲಿ ಲಾರಿಯವರಿಗೆ ದಿನಕ್ಕೆ ನೂರು ಸಲ "ಅವಸರ ಮಾಡ್ಬೇಡ್ರೋ, ಹಣ್ಣು ಒಡೀತದೆ" ಅಂತೀನಿ. ಅಲ್ಲಿ ಕನ್ನಡದ ಅರ್ಥ. ಮನೆಗೆ ಬಂದರೆ ತೆಲುಗಿನದು. ಅವತ್ತು ಚನ್ನರಾಯಪ್ಪನವರು ಓದಿದಾಗ ನಾನು ಕನ್ನಡದಲ್ಲೂ ಕೇಳಿಸಿಕೊಳ್ಳಬಹುದಿತ್ತು. ಎರಡರಲ್ಲಿ ಕೆಟ್ಟದ್ದನ್ನು ಆರಿಸಿಕೊಂಡೆ. ಜೂನಿನಿಂದ ನಿಮ್ಮ ಮೇಲೆ ಅನುಮಾನ ಇಟ್ಟುಕೊಂಡಿದ್ದೆ. ಆ ಅನುಮಾನಕ್ಕೆ ಸಾಕ್ಷಿ ಸಿಕ್ಕಿತು ಅಂತ ಒಳಗೊಳಗೇ ಖುಷಿಯೂ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆದಿದ್ದೇನೆ.

ಮೊನ್ನೆ ಭಾನುವಾರ ಸಮಿತಿ ಸೇರಿತ್ತು. ಚಂದ್ರಮೋಹನ್ ಅಯ್ಯನವರೂ ಬಂದಿದ್ದರು. ನಾನು ನೆರಳಚ್ಚು ಹಿಡಿದು ಎದ್ದು ನಿಂತೆ.

"ಪೆದ್ದಾಯನಾ, ಅವಸರ ಅಂದ್ರೆ ಏನು?"

"ಅವಸರ ಅಂದ್ರೆ ಅವಸರ. ಇದೇನಮ್ಮ ಹೊಸ ಪ್ರಶ್ನೆ?"

"ಬೆಳಿಗ್ಗೆ ಬಸ್ಸಿಗೆ ಓಡೋವಾಗ 'ಅವಸರದಲ್ಲಿದೀನಿ, ಅಡ್ಡ ಬರ್ಬೇಡ' ಅಂತೀರಲ್ಲ, ಆ ಅವಸರಾನಾ?"

ಅವರು ಅಯ್ಯನವರ ಕಡೆ ನೋಡಿದರು.

"ಇದರ ಕೆಳಗಿನ ಸಾಲು ಓದಿ ಪೆದ್ದಾಯನಾ."

"ಕನ್ನಡಕ ತಂದಿಲ್ಲ."

ಕನ್ನಡಕ ಅವರ ಜೇಬಿನಲ್ಲೇ ಕಾಣುತ್ತಿತ್ತು. ಆಗ ಅವರ ಸೊಸೆ ಶ್ಯಾಮಲಾ ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. "ನಾನ್ ಓದ್ತೀನಿ ಮಾವ, ಬಿ.ಎ. ಓದ್ಸಿದ್ದು ಇದಕ್ಕೇ ತಾನೆ?" ಅಂದಳು. ನಾಲ್ಕು ವಾಕ್ಯವನ್ನೂ ಓದಿದಳು, ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ. ಅವಸರ ಅನ್ನುವ ಕಡೆ ನಿಂತು, "ತೊಂದರ ಲೇದು" ಅಂತ ಬಿಡಿಸಿ ಹೇಳಿದಳು. ಆತುರ ಇಲ್ಲ ಅಂತ.

ಚನ್ನರಾಯಪ್ಪನವರಿಗೆ ಅವತ್ತೇ ಗೊತ್ತಿತ್ತೇ? ಕೆಳಗಿನ ಸಾಲು ಓದಿಯೂ ಮಡಿಸಿದರೇ? ನನಗೆ ಗೊತ್ತಿಲ್ಲ. ಗೊತ್ತಿತ್ತು ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ನನ್ನ ಮನಸ್ಸು ನಿಮ್ಮ ಬಗ್ಗೆಯೂ ಹೀಗೆಯೇ ಹೇಳಿತ್ತು.

ಆಮೇಲೆ ನಾನು ಎಲ್ಲರ ಮುಂದೆ ಹೇಳಿದೆ: "ಹೋದ ಮೂರು ಗುರುವಾರ ಆ ಅಮ್ಮನ ಮೇಲೆ ಇಲ್ಲಿ ಏನೇನೋ ಅಂದಿದೀನಿ. ಅಷ್ಟೂ ಸುಳ್ಳು. ನನಗೂ ಎರಡು ಅರ್ಥ ಗೊತ್ತಿತ್ತು." ಸುನಂದಕ್ಕ, "ಸುಮ್ನಿರೇ, ಗೆಲ್ಲೋ ಹೊತ್ತಲ್ಲಿ ಇದೆಲ್ಲ ಯಾಕೆ ಹೇಳ್ತೀಯ?" ಅಂತ ಸೆರಗು ಎಳೆದಳು. ಹೇಳದಿದ್ದರೆ ನಾಳೆ ಯಾವ ಮುಖದಿಂದ ಪ್ರಸಂಗ ಮಾಡಲಿ?

ತೀರ್ಮಾನ ಇನ್ನೂ ಆಗಿಲ್ಲ. ಜನವರಿ ಹನ್ನೆರಡಕ್ಕೆ ಮತ್ತೆ ಸೇರುತ್ತಾರೆ. ಅಭಿಪ್ರಾಯ ಬರೆದವರೇ ಬಂದು ಅರ್ಥ ಹೇಳಿದರೆ ಒಳ್ಳೆಯದು ಅಂದರು ಅಯ್ಯನವರು. ಅಷ್ಟು ದೂರದಿಂದ ಅವರನ್ನು ಯಾಕೆ ಕರೆಸುವುದು, ನಾನೇ ಕಾಗದ ಬರೆದು ಕೇಳುತ್ತೇನೆ ಅಂದರು ಚನ್ನರಾಯಪ್ಪನವರು.

ಈಗ ನಿಮ್ಮ ವಿಷಯ. ನೀವು ನನಗೆ ಹಿರಿಯರು, ಆದರೂ ಹೇಳುತ್ತೇನೆ. ಕೊನೆಯ ಬೆಂಚಿನವರಿಗೆ ಮಾತಾಡು ಅಂದಿರಿ. ಆ ಬೆಂಚಿನಲ್ಲೂ ನೀವಿಲ್ಲ. ಮಕ್ಕಳು ನಕ್ಕರಂತೆ. ನಮ್ಮ ಮಕ್ಕಳು ಆವಲಮ್ಮನನ್ನು ನೋಡಿ ಪ್ರತಿ ಗುರುವಾರ ನಗುತ್ತಾರೆ, ಅವಳೂ ಅವರನ್ನು ನೋಡಿ ನಗುತ್ತಾಳೆ, ಹಾಡು ಮುಂದಕ್ಕೆ ಹೋಗುತ್ತದೆ. ಮಂಡಿನೋವು ಎಂಬುದು ಸುಳ್ಳು. ಮೊದಲು ಅದನ್ನು ಬಿಡಿ.

ಆವಲಮ್ಮನನ್ನು ಕೇಳಿದೆ. ಕೇಳಿದೆ ಅಂದರೆ ಕೈಸನ್ನೆಯಲ್ಲಿ. ಅವಳು ನನ್ನ ಅಂಗೈ ಹಿಡಿದು ಡೋಲಕ್ಕಿನ ಮೇಲೆ ಒತ್ತಿ, "ಇಲ್ಲಿ ಕೂತ್ಕೊಳ್ಳೋಕೆ ಹೇಳು" ಅಂದಳು. ನಿಮ್ಮಲ್ಲಿ ಡೋಲಕ್ ಇಲ್ಲದಿದ್ದರೆ ಮರದ ಯಾವುದಾದರೂ ಇರುತ್ತದೆ. ಅದರ ಮೇಲೆ ಕೈ ಇಡಿ. ಕೈಯೊಳಗೆ ತಾಳ ನಿಂತಾಗ ಹಾಡು ನಿಂತಿದೆ ಅಂತ ಅರ್ಥ. ಆಮೇಲೆ ಆಶೀರ್ವಾದ ಹೇಳಿ.

ನನಗೆ ನಿಮ್ಮ ಅವಸರ ಇದೆ. ಅರ್ಥ ಕೇಳಬೇಡಿ.

ಶೋಭಾ


ಹೆಜಮಾಡಿ
೨೨ ಡಿಸೆಂಬರ್ ೨೦೨೪, ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರಿಯ ಶೋಭಾ,

ಮೇಲೆ ಬರೆದ ಹೊತ್ತು ನೋಡಿದೆಯಾ? ನೋಡಿರುತ್ತೀ, ನಿನ್ನ ಕಣ್ಣಿಗೆ ಅದು ತಪ್ಪುವುದಿಲ್ಲ.

ನಮ್ಮಲ್ಲಿ ಡೋಲಕ್ ಇಲ್ಲ. ಹಳೆಯ ಕಾಲದ ಹಾರ್ಮೋನಿಯಂ ಒಂದುಂಟು, ಕಾಲಿನಿಂದ ಒತ್ತಿ ನುಡಿಸುವುದು. ಅದರ ಪಕ್ಕ ಕುರ್ಚಿ ಹಾಕಿಸಿಕೊಂಡೆ. ನುಡಿಸುವವಳು ಒಮ್ಮೆ ನನ್ನನ್ನು, ಒಮ್ಮೆ ನನ್ನ ಕೈಯನ್ನು ನೋಡಿದಳು. ಮರ ನಡುಗುವುದು ಮೊದಲು ಬೆರಳಿಗೆ, ಆಮೇಲೆ ಮೊಣಕೈಗೆ ಬಂತು. ಅರ್ಧ ಸಾಲು ಹಿಂದೆ ಹಾಡಿದೆನೆಂದು ಕಾಣುತ್ತದೆ. ಎದುರಿಗಿದ್ದ ಒಂದು ಹೆಣ್ಣುಮಗು ನಕ್ಕಿತು. ನಾನೂ ನಕ್ಕೆ. ಅಷ್ಟೇ ಆದದ್ದು. ಒಂಬತ್ತು ತಿಂಗಳು ಹೆದರಿದ್ದು ಇಷ್ಟಕ್ಕೆ.

ಹೊರಗೆ ಬರುವಾಗ ಮಂಡಿ ಹೇಗಿದೆ ಎಂದು ಕೇಳಿದರು. ಮಂಡಿ ಮೊದಲಿನಿಂದಲೂ ಸರಿ ಇದೆ, ಕೆಟ್ಟದ್ದು ಕಿವಿ ಎಂದೆ. ಹೇಳಿಬಿಟ್ಟ ಮೇಲೆ ಎಲ್ಲರೂ ನನ್ನ ಎದುರು ಬಂದು, ತುಟಿ ಅಗಲಿಸಿ ಮಾತಾಡಲು ಶುರು ಮಾಡಿದರು. ಮೀನು ಬಾಯಿ ಬಿಟ್ಟ ಹಾಗೆ. ಸಹಿಸಿಕೊಂಡೆ.

ಇನ್ನೊಂದು ಸಂಗತಿ. ನಿಮ್ಮ ಚನ್ನರಾಯಪ್ಪನವರ ಕಾಗದ ಬಂದಿದೆ. ಬಹಳ ಮರ್ಯಾದೆಯಿಂದ ಬರೆದಿದ್ದಾರೆ. ಕೊನೆಯ ಸಾಲು: "ತಾವು ಜನವರಿಯ ಸಭೆಗೆ ಇಷ್ಟು ದೂರ ಬರುವ ಅವಸರವಿಲ್ಲ."

ನಾನು ಅದನ್ನು ಕನ್ನಡದಲ್ಲಿ ಓದಿದೆ. ಹತ್ತನೇ ತಾರೀಕು ಹೊರಟು, ಅವಸರವಿಲ್ಲದೆ, ಹಗಲಿನ ರೈಲಿನಲ್ಲೇ ಬರುತ್ತೇನೆ. ಸಮಿತಿಯಲ್ಲಿ ನನ್ನ ಎದುರಿಗೆ ಕೂರು. ಅವರು ಅಂದದ್ದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಬೇಕು, ಒಂದು ಅಕ್ಷರವೂ ಬಿಡದೆ. ಆ ಕೆಲಸಕ್ಕೆ ನಿನಗಿಂತ ನಂಬಿಕೆಯವರು ನನಗೆ ಯಾರೂ ಗೊತ್ತಿಲ್ಲ.

ಆವಲಮ್ಮನ ಪಕ್ಕ ನನಗೂ ಒಂದು ಚಾಪೆ ಇರಲಿ.

ನಿನ್ನ ಪೆದ್ದಮ್ಮ,
ಸುಗಂಧಿ